ಮೀಸಲು ಬಾಟಲಿ

ಈ ಸಲದ ಮಹಾಲಯ ಅಮಾವಾಸ್ಯೆಯ ದಿನ ಅರೆಕೆರೆಯ ನಮ್ಮ ಹಳೆಯ ಗಲ್ಲಿಗೆ ಕಾಲಿಡುತ್ತಿದ್ದಂತೆ ಸಾಂಬ್ರಾಣಿಯ ಹೊಗೆ, ಮಟನ್ ಸಾರಿನ ಘಮ, ಅವುಗಳ ನಡುವೆ ಎಲ್ಲಿಂದಲೋ ಬ್ರಾಂದಿಯ ಘಾಟು ಮೂಗಿಗೆ ಬಡಿಯಿತು. ನಾನು ಕುಡಿಯುವವನಲ್ಲ. ಆದರೂ ಆ ವಾಸನೆ ಬಂದರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ನಮ್ಮ ಓನರ್ ಅಂಕಲ್ ನೆನಪಾಗುತ್ತಾರೆ.

ಗದಗಿನ ಕಡೆಯಿಂದ ಬಂದು ಲಿಫ್ಟ್ ಕಂಪನಿಯೊಂದಕ್ಕೆ ಸೇರಿದ ಹೊಸದರಲ್ಲಿ ನಾನು ಅವರ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದೆ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೇ ಆ ಮನೆ ಎದ್ದಿತ್ತು. ಬೆಳಗಾದರೆ ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು, ನೀರಿನ ಮೋಟರು ಆಫ್ ಮಾಡದ ಬಾಡಿಗೆದಾರರನ್ನೆಲ್ಲ ಸರದಿಯಾಗಿ ಬಯ್ಯುವುದು ಅವರ ದಿನಚರಿ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಇನ್ನು ಕುಡಿತವಂತೂ ಇಲ್ಲವೇ ಇಲ್ಲ. ಹಾಗಾಗಿ, ಆಫೀಸಿನವರು ಟ್ರೇನಿಂಗಿಗೆ ನನ್ನನ್ನು ಸಿಂಗಪುರಕ್ಕೆ ಕಳಿಸುತ್ತಾರೆಂದು ಗೊತ್ತಾದ ಮರುದಿನವೇ ಅವರು ಮಹಡಿ ಹತ್ತಿ ಬಂದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದ್ದು ಕೇಳಿ ನಾನು ತಬ್ಬಿಬ್ಬಾದೆ.

"ಬರ್ತಾ ಒಂದು ಬ್ರಾಂದಿ ತಂದ್ಕೊಡ್ತೀಯೇನಪ್ಪ? ನಂಗಲ್ಲ, ನಮ್ಮಪ್ಪಂಗೆ."

ಅವರ ಅಪ್ಪ ಹಾಲ್‌ನಲ್ಲಿ ಹಾರ ಹಾಕಿಸಿಕೊಂಡು ಫೋಟೋ ಆಗಿ ಎಷ್ಟೋ ವರ್ಷವಾಗಿತ್ತು! ನನ್ನ ಮುಖ ನೋಡಿ ಅಂಕಲ್ಲೇ ಬಿಡಿಸಿ ಹೇಳಿದರು. ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಬೇಕು. ಬದುಕಿದ್ದಾಗ ಅವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಎಲೆಯ ಮೇಲಿರಬೇಕು. ಅಪ್ಪ ಜಯನಗರಕ್ಕೆ ಹಾಲು ಹಾಕಲು ಹೋಗುತ್ತಿದ್ದಾಗ ಒಂದು ದೊಡ್ಡ ಮನೆಯ ಷೋಕೇಸಿನಲ್ಲಿ ಫಾರಿನ್ ಬಾಟಲಿ ನೋಡಿದ್ದರಂತೆ. ಅವತ್ತಿನಿಂದ ಕೊನೆಯವರೆಗೂ ಅದರದ್ದೇ ಜಪ. "ತಂದ್ಕೊಡ್ತೀನಿ ಬಿಡಪ್ಪ" ಎಂದು ಮಗ ಮಾತು ಕೊಟ್ಟಿದ್ದರು. ಹೊಲ ಹೋಗಿ ಮನೆ ಎದ್ದಿತು, ಕೈಯಲ್ಲಿ ನಾಲ್ಕು ಕಾಸು ಓಡಾಡಿತು, ಅಷ್ಟರಲ್ಲಿ ಅಪ್ಪ ಇರಲಿಲ್ಲ...

ಒಪ್ಪಿಕೊಂಡೆ. ಆಮೇಲೆ ಬಂತು ನೋಡಿ ಕಟ್ಟಳೆ. "ಅದು ಮೀಸಲು ಕಣಪ್ಪ. ಎಡೆಗೆ ಇಡೋಕೆ ಮುಂಚೆ ಯಾರೂ ಮುಚ್ಚಳ ಬಿಚ್ಚಬಾರ್ದು, ಮೂಸಿ ನೋಡ್ಬಾರ್ದು. ಚಪ್ಪಲಿ ಗಿಪ್ಪಲಿ ಜೊತೆ ಬ್ಯಾಗಲ್ಲಿ ತುಂಬ್ಬೇಡ."

ಇದನ್ನು ಆಫೀಸಿನ ಗೆಳೆಯನಿಗೆ ಹೇಳಿದ್ದೇ ತಪ್ಪಾಯಿತು. "ಕಸ್ಟಮ್ಸ್‌ನೋರು ಬಿಚ್ಚಿ ಒಂದು ಗುಟುಕು ನೋಡ್ದೆ ಬಿಡಲ್ಲ ಮಗಾ" ಎಂದುಬಿಟ್ಟ. ನಾನು ನಂಬಿದೆ. ಅದುವರೆಗೆ ವಿಮಾನವನ್ನೇ ಹತ್ತಿರದಿಂದ ನೋಡಿರದವನು, ನಂಬದೆ ಏನು ಮಾಡಲಿ?

ಸಿಂಗಪುರದ ಡ್ಯೂಟಿ ಫ್ರೀ ಅಂಗಡಿಯಲ್ಲಿ ವಿಸ್ಕಿಯ ಸಾಲುಗಳನ್ನೆಲ್ಲ ದಾಟಿ, ಹುಡುಕಿ ಹುಡುಕಿ ಹೊಟ್ಟೆ ದಪ್ಪಗಿದ್ದ ಒಂದು ಲೀಟರಿನ ಬ್ರಾಂದಿಯನ್ನೇ ಕೊಂಡೆ. ಅರೆಕೆರೆಯಲ್ಲಿ ವಿಸ್ಕಿ, ರಮ್ಮು ಎಲ್ಲಕ್ಕೂ ಬ್ರಾಂದಿ ಎಂದೇ ಹೆಸರು ಎಂಬುದು ನನಗಾಗ ಗೊತ್ತಿರಲಿಲ್ಲ. ಅಂಗಡಿಯ ಹುಡುಗಿ ಅದನ್ನು ಪಾರದರ್ಶಕ ಕವರಿನಲ್ಲಿಟ್ಟು ಸೀಲ್ ಮಾಡಿಕೊಟ್ಟಳು. ಕಾಲಿನ ಹತ್ತಿರ ಇಡಲು ಮನಸ್ಸಾಗದೆ, ದಾರಿಯುದ್ದಕ್ಕೂ ಕೂಸನ್ನು ಕೂರಿಸಿಕೊಂಡಂತೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಗಗನಸಖಿ ಅದನ್ನು ಮೇಲಿಡುತ್ತೇನೆಂದಾಗಲೆಲ್ಲ ಕೈ ಮುಗಿದೆ.

ಅಮಾವಾಸ್ಯೆಯ ಬೆಳಿಗ್ಗೆಯೇ ಬೆಂಗಳೂರಿಗೆ ಬಂದಿಳಿದೆ. ಕಸ್ಟಮ್ಸಿಗೆ ಹೇಳುವಂಥದ್ದೇನೂ ಇಲ್ಲದವರೆಲ್ಲ ಹಸಿರು ಬೋರ್ಡಿನ ದಾರಿಯಲ್ಲಿ ಸರಸರ ಹೊರಗೆ ಹೋಗುತ್ತಿದ್ದರು. ಹಿಂದಿನಿಂದ ಕರೆದು ಬಿಚ್ಚಿಸುವುದಕ್ಕಿಂತ ಮೊದಲೇ ಹೇಳಿಕೊಳ್ಳುವುದು ವಾಸಿ ಎಂದು ನಾನೊಬ್ಬನೇ ಕೆಂಪು ಬೋರ್ಡಿನ ಕಡೆ ನಡೆದೆ. ಮೇಜಿನ ಹಿಂದೆ ಕೂತಿದ್ದ ಅಧಿಕಾರಿಗೆ ನನ್ನ ಒಂದೇ ಬಾಟಲಿ ನೋಡಿ ಅಚ್ಚರಿ.

"ಎರಡು ಲೀಟರ್‌ವರ್ಗೂ ಬಿಡ್ತೀವಲ್ರೀ. ಹೋಗ್ರಿ."

ನಾನು ಹೋಗಬೇಕಿತ್ತು. ಬಾಯಿ ಸುಮ್ಮನಿರಲಿಲ್ಲ. "ಬಿಚ್ಚಿ ನೋಡಂಗಿಲ್ಲೇನ್ರಿ ಸರ?"

ಅವರ ಹುಬ್ಬು ಮೇಲೇರಿತು. "ಯಾಕೆ, ಒಳಗೇನಿದೆ? ಕೊಡಿ ಇಲ್ಲಿ" ಎಂದು ಕವರಿಗೆ ಕೈ ಚಾಚಿದರು. ನಾನು ಬಾಟಲಿಯನ್ನು ಎದೆಗೆ ಅವಚಿಕೊಂಡೆ.

"ಮುಟ್ಟಬ್ಯಾಡ್ರಿ ಸರ, ಮೀಸಲದು ಐತ್ರಿ."

ಚಾಚಿದ ಕೈ ಹಾಗೇ ನಿಂತಿತು. "ಎಡೆಗಾ?"

"ಹೂಂ ರಿ. ನಮ್ಮ ಓನರ್ ಅಂಕಲ್ ಅವರ ಅಪ್ಪಾರಿಗೆ."

ಆ ಮನುಷ್ಯ ಕುರ್ಚಿಯಿಂದ ಎದ್ದರು. ಕನಕಪುರದ ಕಡೆಯವರಂತೆ. ಅವರ ಮನೆಯಲ್ಲೂ ಅವತ್ತೇ ಎಡೆ, ಅವರಿಗಿಲ್ಲಿ ಡ್ಯೂಟಿ. ಬಾಟಲಿಯನ್ನು ಸೋಕದೆ ನನ್ನ ಟ್ರಾಲಿಯನ್ನಷ್ಟೇ ತಾವೇ ತಿರುಗಿಸಿಕೊಟ್ಟು, ಬಾಗಿಲಲ್ಲಿದ್ದವರಿಗೆ "ದಾರಿ ಬಿಡ್ರಪ್ಪ, ಹಿರಿಯರ್ದು ಬರ್ತಿದೆ" ಎಂದರು. ನಾಲ್ಕು ಹೆಜ್ಜೆ ನಡೆದವನನ್ನು ಮತ್ತೆ ಕರೆದು, "ಪಕ್ಕದಲ್ಲಿ ನೀರಿಡೋಕೆ ಹೇಳಿ. ಫಾರಿನ್ದು, ಗಂಟಲು ಹಿಡಿಯುತ್ತೆ" ಎಂದೂ ಹೇಳಿದರು.

ಮನೆ ಮುಟ್ಟಿದಾಗ ಅಂಕಲ್ ಸ್ನಾನ ಮಾಡಿ, ಮಡಿ ಪಂಚೆಯುಟ್ಟು ಗೇಟಿನಲ್ಲೇ ಕಾಯುತ್ತಿದ್ದರು. ಎರಡೂ ಕೈ ಒಡ್ಡಿ ಬಾಟಲಿ ಇಸಿದುಕೊಂಡರು. ಕಸ್ಟಮ್ಸಿನ ಕಥೆ ಹೇಳಿದೆ. ನಕ್ಕರು, ನಕ್ಕರು, ಟವೆಲಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ಕೈ ಹಿಂದಕ್ಕೆ ತಗೊಂಡ್ರಾ? ಇನ್ನೊಂದ್ಸಲ ಹೇಳು." ಆಂಟಿಯ ಮುಂದೆ, ಎಡೆಗೆ ಬಂದಿದ್ದ ನೆಂಟರ ಮುಂದೆ ನನ್ನಿಂದ ಅದನ್ನೇ ಹೇಳಿಸಿದರು.

ಮುದ್ದೆ, ಮಟನ್ ಸಾರು, ಕಜ್ಜಾಯ ಬಡಿಸಿದ ಎಲೆಯ ಪಕ್ಕ ಅಂಕಲ್ ಸ್ಟೀಲ್ ಲೋಟದ ತುಂಬ ಬ್ರಾಂದಿ ಸುರಿದರು. ಅಭ್ಯಾಸವಿಲ್ಲದ ಕೈ, ನೆಲಕ್ಕೂ ಒಂದಷ್ಟು ಚೆಲ್ಲಿತು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತೆವು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿ ಒಳಗೆ ಹೋಗುವುದು ರೂಢಿ. ಅಂಕಲ್ ಮಾತ್ರ ಏಳಲೇ ಇಲ್ಲ. ಸಾರು ಆರಿತು. ಬಾಟಲಿಯಲ್ಲಿ ಉಳಿದದ್ದರ ಮೇಲೆ ಕಣ್ಣಿಟ್ಟಿದ್ದ ನೆಂಟರ ಗಂಟಲು ಒಣಗಿತು. ಆಂಟಿ ಗೊಣಗಿದಾಗ ಅಂಕಲ್ ಬಾಗಿಲ ಕಡೆ ನೋಡುತ್ತ ಹೇಳಿದರು: "ಇರ್ಲಿ ತಡಿ. ಫಾರಿನ್ದು ಅಲ್ವಾ, ನಿಧಾನಕ್ಕೆ ಕುಡೀಲಿ."

ಅವರ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಅದುವರೆಗೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ... ಹಬ್ಬವೆಂದರೆ ಹೀಗಿರಬೇಕು ಎಂದು ನನಗೆ ಅವತ್ತು ಅನಿಸಿತು.

ಹೋದ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ನಾನೀಗ ಹುಳಿಮಾವಿನಲ್ಲಿದ್ದೇನೆ. ಎಡೆಗೆ ಬಾ ಎಂದು ಈ ಸಲ ಆಂಟಿ ಫೋನ್ ಮಾಡಿದ್ದರು. ಹೋದರೆ ಅಡುಗೆಮನೆಯಲ್ಲಿ ಅವರದ್ದು ಒಂದೇ ಪೇಚಾಟ.

"ಎಲ್ರಿಗೂ ಒಂದೊಂದು ಇಷ್ಟ ಇತ್ತು ಕಣಪ್ಪ. ಇವ್ರಿಗೆ ಏನಿಡೋದು ಅಂತಾನೇ ಗೊತ್ತಾಗ್ತಿಲ್ಲ. ಬಾಯ್ಬಿಟ್ಟು ಇಂಥದ್ದು ಬೇಕು ಅಂದೋರೇ ಅಲ್ಲ."

ಅಂಕಲ್ ನನ್ನನ್ನೂ ಕೇಳಿದ್ದು ಒಂದೇ ಒಂದು, ಅದೂ ಅಪ್ಪನಿಗೆ. ಕೊನೆಗೆ ಮಾಡಿದ್ದನ್ನೆಲ್ಲ ಅವರ ಎಲೆಗೂ ಬಡಿಸಿ, ಬ್ರಾಂದಿ ಲೋಟವಿದ್ದ ಅವರಪ್ಪನ ಎಲೆಯ ಪಕ್ಕದಲ್ಲೇ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಬಂದೆವು. ಆಂಟಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕ ಕೂತರು.

"ಇವ್ರು ತಾವೆಲ್ಲಿ ತಿಂತಾರೆ? ಅಪ್ಪನ ಲೋಟಕ್ಕೆ ಹುಯ್ಯೋದ್ರಲ್ಲೇ ಇರ್ತಾರೆ."

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಗಬೇಕಾದವರು ಮಾತ್ರ ಬಾಗಿಲ ಆಚೆಗಿದ್ದರು.