ಬಾಗಿಲು ಮುಂದೆ ಮಾಡಿದ ಅಂಗಡಿ

ಚಳ್ಳಕೆರೆಯ ಹಳೇ ಗಾಣದ ಓಣಿಯಲ್ಲಿ ಯಾವ ಅಂಗಡಿಯೂ ಮುಚ್ಚಿಲ್ಲ. ಬೇಕಾದರೆ ಯಾರನ್ನಾದರೂ ಕೇಳಿ ನೋಡಿ. ಬಸ್ಸುಗಳು ಹೊಸ ರಸ್ತೆ ಹಿಡಿದ ಮೇಲೆ ಗಿರಾಕಿಗಳೂ ಅವುಗಳ ಬೆನ್ನು ಹತ್ತಿ ಹೋದರು. ಅರ್ಧ ಓಣಿಯ ಶೆಟರುಗಳಿಗೆ ತುಕ್ಕು ಹಿಡಿದಿದೆ, ಬೀಗಗಳ ಮೇಲೆ ಜೇಡ ಬಲೆ ಕಟ್ಟಿದೆ. ಆದರೂ ಮುಚ್ಚಿಲ್ಲ. ‘ಮುಚ್ಚು’ ಎಂಬ ಮಾತು ವ್ಯಾಪಾರಸ್ಥರ ಬಾಯಲ್ಲಿ ಬರಬಾರದು, ಲಕ್ಷ್ಮಿ ಕೇಳಿಸಿಕೊಂಡು ಮುನಿಸಿಕೊಂಡಾಳು. ಅದಕ್ಕೇ ಅವರು ‘ಬಾಗಿಲು ಮುಂದೆ ಮಾಡೀವಿ’ ಎನ್ನುತ್ತಾರೆ. ಮೇಲಿಂದ ಕೆಳಗೆ ಇಳಿಯುವ ಶೆಟರನ್ನು ಮುಂದೆ ಹೇಗೆ ಮಾಡುತ್ತೀರಿ ಎಂದು ಕೇಳುವ ಧೈರ್ಯ ಆ ಓಣಿಯಲ್ಲಿ ರೇಣುಕಮ್ಮನಿಗೆ ಮಾತ್ರ ಇತ್ತು.

ರೇಣುಕಮ್ಮನ ಕೆಲಸವೇ ಅಂಗಡಿಗಳ ಮುಂದಿನದು. ಬೆಳಗ್ಗೆ ಅವು ತೆರೆಯುವ ಮೊದಲು ಕಸ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಬೇಕು. ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ. ಅಕ್ಕ ಮುದ್ದಕ್ಕ ಮಗ್ಗಕ್ಕೆ ಕೂತಳು, ಇವಳು ಪಕ್ಕದಲ್ಲಿ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದಳು. ಒಮ್ಮೆ ಆಸೆಪಟ್ಟು ಮಗ್ಗ ಮುಟ್ಟಿದಾಗ ಸೀರೆಯ ಅಂಚು ಹಾವಿನ ಹಾಗೆ ಹರಿದಾಡಿತ್ತಂತೆ. “ನಿಂದು ಕಂಡಿಕೆ ಸುತ್ತೋ ಕೈ ಬಿಡೇ” ಎಂದು ಅಕ್ಕ ಅಂದು ಆಡಿದ ಮಾತನ್ನು ರೇಣುಕಮ್ಮ ಚಳ್ಳಕೆರೆಯ ಸೊಸೆಯಾದರೂ, ಮೊಮ್ಮಕ್ಕಳನ್ನು ಕಂಡರೂ ಮರೆತಿಲ್ಲ. ಅವಳ ರಂಗೋಲಿ ನವಿಲಾಗಲಿ ಕಮಲವಾಗಲಿ, ಸುತ್ತ ಒಂದು ಸೀರೆಯಂಚು ಬರಲೇಬೇಕು. ಆ ಅಂಚನ್ನು ಅಕ್ಕನಿಗೆ ಒಮ್ಮೆ ತೋರಿಸಬೇಕೆಂಬುದೇ ಅವಳ ಆಸೆ. ಆದರೆ ಮುದ್ದಕ್ಕ ಮಗ್ಗ ಬಿಟ್ಟು, ಬಸ್ಸು ಹತ್ತಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿ, ರಂಗೋಲಿಯೆಲ್ಲ ಗಿರಾಕಿಗಳ ಚಪ್ಪಲಿಗೆ ಅಂಟಿ ಊರ ತುಂಬ ಹಂಚಿಹೋಗಿರುತ್ತಿತ್ತು.

ಬಾಗಿಲು ಮುಂದೆ ಮಾಡಿದವರು ಸಂಬಳ ಕೊಡುತ್ತಿರಲಿಲ್ಲ. ಅವರ ಅಂಗಡಿ ಮುಂದೆಯೂ ಅವಳು ಎರಡೆಳೆ ಎಳೆದೇ ಹೋಗುತ್ತಿದ್ದಳು. ರಂಗೋಲಿ ಇಲ್ಲದ್ದು ಸಾವಿನ ಮನೆ, ಓಣಿಗೆ ಓಣಿಯೇ ಸೂತಕ ಹಿಡಿದಂತೆ ಕಾಣಬಾರದು ಎಂಬುದು ಅವಳ ವಾದ. ಆಮೇಲೆ ನಡೆಯುವ ಅಂಗಡಿಯವರು ಪ್ಲಾಸ್ಟಿಕ್ಕಿನ ರಂಗೋಲಿ ಸ್ಟಿಕ್ಕರ್ ಅಂಟಿಸಿಕೊಂಡರು. ನಡೆಯದ ಅಂಗಡಿಗಳ ಮುಂದೆ ಬೈಕುಗಳು ಬಂದು ನಿಂತವು. ರೇಣುಕಮ್ಮನಿಗೆ ನೆಲವೇ ಇಲ್ಲದಾಯಿತು. ತಲೆ ಎತ್ತಿ ನೋಡಿದರೆ ಶೆಟರುಗಳಿದ್ದವು. ಖಾಲಿ ಇದ್ದವು, ಅವನ್ನು ಯಾರೂ ತುಳಿಯುವಂತಿರಲಿಲ್ಲ.

ಓಣಿಯಲ್ಲೆಲ್ಲ ಅಗಲವಾದ ಶೆಟರು ಪಾತ್ರೆ ಅಂಗಡಿಯ ಜಂಬುಲಿಂಗಪ್ಪನವರದು. ಬಾಗಿಲು ಮುಂದಾಗಿ ಎರಡು ವರ್ಷವಾಗಿದ್ದರೂ ಅವರು ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಧರಿಸಿ, ಶೆಟರಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ದಿನವೂ ಕೂರುತ್ತಿದ್ದರು. ಒಳಗೆ ಮಾಲು ಇದ್ದ ಹಾಗೇ ಇತ್ತು. ಗಿರಾಕಿಯಿಲ್ಲದೆ ಒಳಗೆ ಕೂತು ನೊಣ ಹೊಡೆಯುವುದಕ್ಕಿಂತ ಹೊರಗೆ ಕೂತರೆ ಗಾಳಿಗೆ ಕೂತಂತಾಗಿ ಮಾನ ಉಳಿಯುತ್ತದೆ ಎಂಬುದು ಅವರ ಉಪಾಯ.

ಶೆಟರಿನ ಮೇಲೆ ಚಿತ್ರ ಬರೆಯುತ್ತೇನೆಂದು ರೇಣುಕಮ್ಮ ಕೇಳಿದಾಗ ಅವರು ಇಕ್ಕಟ್ಟಿಗೆ ಸಿಕ್ಕರು. ಹೂಂ ಅಂದರೆ ಅಂಗಡಿ ಮುಚ್ಚಿದೆ ಎಂದು ಒಪ್ಪಿಕೊಂಡ ಹಾಗೆ.

“ನಾಳೆ ಶೆಟರ್ ಎತ್ತಿದ್ರೆ ನಿನ್ನ ಚಿತ್ರ ಸುತ್ಕೊಂಡು ಮ್ಯಾಲೆ ಹೋಗ್ತೈತೆ. ಬಣ್ಣ ದಂಡ,” ಎಂದರು.

“ನೀವು ಎತ್ತಿದ ದಿನ ಓಣಿಗೆಲ್ಲಾ ಸಕ್ಕರೆ ಹಂಚ್ತೀನ್ರಿ,” ಎಂದಳು ರೇಣುಕಮ್ಮ.

ಅವರು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡರು. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಳು.

ಬಣ್ಣದಂಗಡಿಯವರು ಬಿಸಾಡುವ ಡಬ್ಬಿಗಳ ತಳ ಕೆರೆದು ಬಣ್ಣ ತಂದಳು. ಮೊದಲು ಚುಕ್ಕಿ, ಆಮೇಲೆ ಎಳೆ. ಹಿಂದೆ ಆ ಅಂಗಡಿಯಲ್ಲಿ ಕಂಡಿದ್ದನ್ನೆಲ್ಲ ನೆನೆಸಿಕೊಂಡು ಬರೆದಳು: ಸಾಲುಸಾಲು ಕೊಡ, ತಂಬಿಗೆ, ಪರಾತ, ನಡುವೆ ಬಸುರಿಯಂಥ ತಾಮ್ರದ ಹಂಡೆ. ಕೆಳಗೆ ಶೆಟರಿನ ಉದ್ದಕ್ಕೂ ಮೊಳಕಾಲ್ಮೂರು ಸೀರೆಯ ಅಂಚು. ಜಂಬುಲಿಂಗಪ್ಪನವರು ಮೊದಲ ದಿನ ಬೆನ್ನು ತಿರುಗಿಸಿ ಕೂತರು, ಮರುದಿನ ಓರೆಗಣ್ಣು ಹಾಯಿಸಿದರು, ಆಮೇಲೆ ಕುರ್ಚಿಯನ್ನೇ ತಿರುಗಿಸಿಕೊಂಡು, ಕೊಡದ ಕಂಠ ದಪ್ಪವಾಯಿತು, ಹಂಡೆ ಎತ್ತುವ ಬಳೆ ಸಣ್ಣದಾಯಿತು ಎಂದು ತಪ್ಪು ಹಿಡಿಯತೊಡಗಿದರು. ಹಾಗಾದರೆ ಒಳಗಿನದನ್ನು ತಂದು ತೋರಿಸಿ ಎಂದು ಅವಳೆಂದರೆ ಮಾತ್ರ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಚಿತ್ರ ಮುಗಿದದ್ದೇ ತಡ, ಓಣಿಯ ದಾರಿ ಮರೆತವರೆಲ್ಲ ಬಂದು ಅದರ ಮುಂದೆ ಫೋಟೋ ಹೊಡೆಸಿಕೊಂಡರು. ರೇಣುಕಮ್ಮನೂ ಒಂದನ್ನು ಅಕ್ಕನಿಗೆ ಕಳಿಸಿದಳು. ಫೋಟೋದಲ್ಲಿ ಎಲ್ಲರ ಅಂಚೂ ನೆಟ್ಟಗೇ ಕಾಣುತ್ತದೆ, ಮಗ್ಗದ ಮೇಲಿನ ಸೀರೆ ಇಳಿಯಲಿ, ಬಂದು ಕಣ್ಣಾರೆ ನೋಡುತ್ತೇನೆ ಎಂದಳು ಮುದ್ದಕ್ಕ. ಇತ್ತ ಜಂಬುಲಿಂಗಪ್ಪನವರು ಚಿತ್ರದ ಪಾತ್ರೆಗಳಿಗೇ ಚೌಕಾಸಿ ಮಾಡುತ್ತ, ಆ ಕೊಡಕ್ಕೆ ಅಷ್ಟು ಕಮ್ಮಿ ಬರುವುದಿಲ್ಲ ಎಂದು ಬಂದವರ ಮೇಲೆ ರೇಗುವ ಮಟ್ಟ ಮುಟ್ಟಿದ್ದರು.

ಅಂಥ ಒಂದು ದಿನ ರಾಂಪುರದ ಕೆಂಚಕ್ಕ ಎಂಬಾಕೆ ಮಗಳ ಮದುವೆಗೆ ಪಾತ್ರೆ ಹುಡುಕುತ್ತ ಬಂದು ಹಂಡೆಯ ಮೇಲೆ ಬೆರಳಿಟ್ಟಳು.

“ಚಿತ್ರದ ಹಂಡೇಲಿ ನೀರು ಕಾಯಲ್ಲ ಯಜಮಾನ್ರೇ. ಒಳಗೆ ಐತೋ, ಇಲ್ಲಾ ಅಂಗಡಿ ಮುಚ್ಚೀರೋ?”

ಎರಡು ವರ್ಷದಲ್ಲಿ ಆ ಮಾತನ್ನು ಅವರ ಎದುರು ಯಾರೂ ಆಡಿರಲಿಲ್ಲ. ಜಂಬುಲಿಂಗಪ್ಪನವರು ಕೆಂಪಗಾಗಿ ಎದ್ದು, ಉಡಿದಾರಕ್ಕೆ ಕೈ ಹಾಕಿದರು. ಬೀಗದ ಕೈ ಅಷ್ಟೂ ದಿನ ಅಲ್ಲೇ ಇತ್ತು. ಬೈಕುಗಳನ್ನು ಸರಿಸಿ ನಾಲ್ಕಾರು ಜನ ಕೈ ಹಚ್ಚಿದ ಮೇಲೆ ಶೆಟರು ನರಳುತ್ತ ಮೇಲೇರಿತು. ಕೊಡಗಳು ಹೋದವು, ಹಂಡೆ ಹೋಯಿತು, ಕೊನೆಗೆ ಅಂಚೂ ಮೇಲಿನ ಗೂಡಿನೊಳಗೆ ಸುತ್ತಿಕೊಂಡಿತು. ಒಳಗಿನ ಹಂಡೆಯ ಬಳೆ ಚಿತ್ರದಲ್ಲಿದ್ದಷ್ಟೇ ಸಣ್ಣದಿತ್ತು. ಆ ವಿಷಯವನ್ನು ಯಜಮಾನರು ಎತ್ತಲಿಲ್ಲ.

ರೇಣುಕಮ್ಮ ಮಾತಿಗೆ ತಪ್ಪದೆ ಸಕ್ಕರೆ ಹಂಚಿದಳು. ಸಂತೋಷವೂ ಆಗಿತ್ತು, ಹೊಟ್ಟೆಯೂ ಉರಿದಿತ್ತು. ಜಂಬುಲಿಂಗಪ್ಪನವರಿಗೆ ಹೊಸ ಮದುಮಗನ ಹುರುಪು ಬಂದು, ಅವಳು ಪೊರಕೆ ಹಿಡಿದು ಬರುವ ಮೊದಲೇ ಶೆಟರು ಎತ್ತಿ, ಊರೆಲ್ಲ ಉಂಡು ಮಲಗುವ ಹೊತ್ತಿಗೆ ಇಳಿಸತೊಡಗಿದರು. ಚಿತ್ರವನ್ನು ನೋಡುವ ಭಾಗ್ಯ ಬೀದಿನಾಯಿಗಳದಾಯಿತು.

ಮುದ್ದಕ್ಕ ಬಂದದ್ದು ಆಗ. ಅದೂ ನಡುಮಧ್ಯಾಹ್ನ, ಸಂಜೆಯ ಬಸ್ಸಿಗೆ ಹಿಂದಿರುಗುವ ಅವಸರದಲ್ಲಿ.

“ಎಲ್ಲೈತೇ ನಿನ್ನ ಅಂಚು?”

ರೇಣುಕಮ್ಮ ಶೆಟರಿನ ಗೂಡಿನ ಕಡೆ ಕೈ ತೋರಿಸಿದಳು. “ಅಲ್ಲಿ ಸುತ್ಕೊಂಡೈತೆ ಬಿಡಕ್ಕ. ಅಂಗಡಿ ನಡೀತೈತಲ್ಲ, ಅಷ್ಟು ಸಾಕು.”

ಸಾಕಾಗಿರಲಿಲ್ಲ. ಅದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು. ಒಳಗೆ ಗಿರಾಕಿಗೆ ತಂಬಿಗೆ ತೋರಿಸುತ್ತಿದ್ದ ಜಂಬುಲಿಂಗಪ್ಪನವರಿಗೂ ಗೊತ್ತಾಯಿತು. ತಂಬಿಗೆಯನ್ನು ಕೆಳಗಿಟ್ಟು ಅವರು ಹೊಸ್ತಿಲಿಗೆ ಬಂದರು.

“ಎಲ್ಲಾರೂ ಹೊರಗೆ ಬರ್ರಿ,” ಎಂದರು. “ಅಂಗಡಿ ಮುಚ್ತೀನಿ.”

ಎದುರಿನ ಅಂಗಡಿಯವನು ಕೈಲಿದ್ದ ತಕ್ಕಡಿ ಹಾಗೇ ಹಿಡಿದು ನಿಂತ. ಗಿರಾಕಿಗಳು ಗೊಣಗುತ್ತ ಹೊರಬಂದರು. ಶೆಟರು ಇಳಿಯತೊಡಗಿದಾಗ ಮೊದಲು ಕಂಡದ್ದೇ ಅಂಚು. ಮುದ್ದಕ್ಕ ಕುಕ್ಕರಗಾಲಲ್ಲಿ ಕೂತು, ಮಗ್ಗದಿಂದ ಇಳಿಸಿದ ಸೀರೆಯನ್ನು ನೋಡುವಂತೆ ಆ ತುದಿಯಿಂದ ಈ ತುದಿಯವರೆಗೆ ಅದರ ಮೇಲೆ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು, ರೇಣುಕಮ್ಮ ಬಗ್ಗಿ ನೋಡಿದಳು. ಅದು ಶೆಟರಿನ ತುಕ್ಕು. ಬೆರಳು ಮುಂದೆ ಹೋಯಿತು.

“ಇದು ಕಂಡಿಕೆ ಕೈ ಅಲ್ಲ ಬಿಡೇ,” ಎಂದಳು ಮುದ್ದಕ್ಕ. ರೇಣುಕಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಷ್ಟರಲ್ಲಿ ಬೈಕಿನಲ್ಲಿ ಬಂದವನೊಬ್ಬ, ಇಷ್ಟು ಬೇಗ ಅಂಗಡಿ ಮುಚ್ಚಿದಿರೇ ಎಂದು ಕೇಳಿದ.

“ಹೂಂ, ಮುಚ್ಚೀನಿ,” ಎಂದರು ಜಂಬುಲಿಂಗಪ್ಪನವರು. “ಬಾ, ಇಲ್ಲಿ ನಿಂತು ನೋಡು.”