ಅಕ್ಕ ಹೊಲಿದ ಲಂಗೋಟಿ

ನನ್ನ ಬಾಯಿ ಜೋರು. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ವಾರದಲ್ಲೇ ಅತ್ತೆ ಅದನ್ನು ಕಂಡುಹಿಡಿದು ಬೀದಿಗೆಲ್ಲ ಹೇಳಿಕೊಂಡು ಬಂದರು. ನನ್ನ ಓರಗಿತ್ತಿ, ಅಂದರೆ ಭಾವನ ಹೆಂಡತಿ, ಇದಕ್ಕೆ ತದ್ವಿರುದ್ಧ. ನಾನು ಹತ್ತು ಮಾತಾಡಿದರೆ ಅವಳದು ಒಂದು. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಒಂದೇ ಅಡುಗೆಮನೆಯಲ್ಲಿ ಏಳು ವರ್ಷ ನಾವಿಬ್ಬರೂ ಜಗಳವಾಡಲಿಲ್ಲ ಎಂದರೆ ಅದರ ಪುಣ್ಯವೆಲ್ಲ ಅವಳದೇ.

ಅಕ್ಕ ಒಂಬತ್ತು ವರ್ಷ ಗಾರ್ಮೆಂಟ್ಸ್ ಕೆಲಸಕ್ಕೆ ಹೋದವಳು. ಮೊದಲು ಹೊಲಿದ ಬಟ್ಟೆಯ ದಾರ ಕತ್ತರಿಸುವ ಹೆಲ್ಪರ್, ಆಮೇಲೆ ಟೈಲರ್. ಆ ಫ್ಯಾಕ್ಟರಿಗಳಲ್ಲಿ ದಾರ ಕತ್ತರಿಸುವುದು ಎಲ್ಲಕ್ಕಿಂತ ಕೆಳಗಿನ ಕೆಲಸ, ಮಿಷನ್ ಮೇಲೆ ಕೂರುವುದೆಂದರೆ ದೊಡ್ಡ ಬಡ್ತಿ. ಅವಳಿಗೆ ಮೂರು ಸಲ ಬಸಿರು ನಿಂತು ಮೂರು ಸಲವೂ ಹೋಯಿತು. ಮೂರನೆಯ ಸಲ ಡಾಕ್ಟರು ಓಡಾಟವೇ ಬೇಡ ಅಂದಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಅದೇ ವರ್ಷ ನನಗೆ ಮಗಳು ಹುಟ್ಟಿದಳು.

ಮಗಳಿಗೆ ಅಂಗಡಿಯ ಡೈಪರ್ ಆಗಿಬರಲಿಲ್ಲ. ತೊಡೆಸಂದೆಲ್ಲ ಕೆಂಪಾಗಿ ಗುಳ್ಳೆ ಎದ್ದು, ಮಗು ಮುಟ್ಟಿದರೆ ಕಿರುಚುತ್ತಿತ್ತು. ಅತ್ತೆ ಹಳೇ ಸೀರೆ ಹರಿದು ಮುಕ್ಕೋನ ಮಡಿಸಿ ಕಟ್ಟಿದರು. ಅದು ಸೊಂಟದಿಂದ ಜಾರಿ ಮಂಡಿಗೆ ಬರುತ್ತಿತ್ತು. ಅಕ್ಕ ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ಮಾವನ ಹಳೆಯ ಪಂಚೆ ಕತ್ತರಿಸಿ, ಕಾಲಿನ ಸುತ್ತ ಎಲಾಸ್ಟಿಕ್ ಕೊಟ್ಟು, ಒಳಗೆ ನಾಲಿಗೆಯ ಹಾಗೆ ಒಂದು ಉದ್ದದ ಮಡಿಕೆ ಇಟ್ಟು, ಅದನ್ನು ಒಂದೇ ತುದಿಯಲ್ಲಿ ಹೊಲಿದಳು. ಒಗೆದಾಗ ನಾಲಿಗೆ ಹೊರಗೆ ಚಾಚಿಕೊಳ್ಳುತ್ತದೆ, ಅರ್ಧ ಬಿಸಿಲಿಗೇ ಒಣಗುತ್ತದೆ. ಗುಂಡಿ ಇಡು ಅಂದೆ. "ಅತ್ತೆ ಬೆರಳಿಗೆ ಗುಂಡಿ ಹಿಡೀಲಿಕ್ಕಾಗಲ್ಲ, ಲಾಡೀನೇ ಇರ್ಲಿ" ಅಂದಳು.

ಪರೀಕ್ಷೆ ಮಾಡಲು ಅವಳಿಗೆ ತನ್ನ ಮಡಿಲೊಂದೇ ಇತ್ತು. ಲಂಗೋಟಿ ಕಟ್ಟಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಟಾಣಿ ಸುಲಿಯುತ್ತ ಕಾಯುವಳು. ಸೀರೆ ಒದ್ದೆಯಾದರೆ, "ಸೋರ್ತು ಕಣೇ, ಇನ್ನೊಂದು ಮಡಿಕೆ ಹಾಕ್ಬೇಕು" ಎಂದು ನಗುವಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ವಾರದಲ್ಲಿ ಮಗಳ ಗುಳ್ಳೆ ಮಾಯವಾಯಿತು.

ಮೊದಲು ಕೇಳಿದ್ದು ಪಕ್ಕದ ಮಗ್ಗದ ಮನೆಯವರು. ಆಮೇಲೆ ಲಸಿಕೆಗೆ ಹೋದಲ್ಲಿ ನಾಲ್ಕು ಜನ ತಾಯಂದಿರು. ನಾನು ಫೋನಿನಲ್ಲಿ ಫೋಟೊ ಹಾಕಿದೆ, ಯಲಹಂಕದ ಅಪಾರ್ಟ್‌ಮೆಂಟಿನವರು ಬಂದರು. ನೋಡನೋಡುತ್ತ ಮನೆಯೇ ಕಾರ್ಖಾನೆಯಾಯಿತು. ಭಾವ ಬೈಕಿನಲ್ಲಿ ಕಟ್‌ಪೀಸ್ ಅಂಗಡಿಯಿಂದ ಫ್ಲಾನೆಲ್ ತರುವರು. ಅತ್ತೆ ಬಟ್ಟೆಯನ್ನೆಲ್ಲ ಬಿಸಿನೀರಲ್ಲಿ ಅದ್ದಿ ತಾರಸಿಯ ಮೇಲೆ ಒಣಗಿಸುವರು, ಆಮೇಲೆ ಕುಗ್ಗಬಾರದಲ್ಲ. ನನ್ನ ಗಂಡ ಪ್ಯಾಕಿಂಗ್. ಗಿರಾಕಿಗಳೊಡನೆ ಮಾತು ನನ್ನದು, ಇಲ್ಲದಿದ್ದರೆ ಈ ಬಾಯಿ ಇನ್ನೆಲ್ಲಿಗೆ ಹೋಗಬೇಕು? ಅಳತೆ, ಕಟಿಂಗ್, ಹೊಲಿಗೆ ಎಲ್ಲವೂ ಅಕ್ಕನದು. ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಸೆಕೆಂಡ್‌ಹ್ಯಾಂಡ್ ಓವರ್‌ಲಾಕ್ ಮಿಷನ್ ತಂದು ಕಿಟಕಿಯ ಪಕ್ಕ ಹಾಕಿಕೊಂಡಳು. ಯಾರದೋ ಸೊಂಟದ ಮೇಲಿನ ಮಗುವನ್ನು ದೂರದಿಂದ ನೋಡಿಯೇ ತೊಡೆಯ ಸುತ್ತಳತೆ ಹೇಳುವಳು. ಟೇಪು ಹಿಡಿದು ನೋಡಿದರೆ ಅಷ್ಟೇ ಇರುತ್ತಿತ್ತು. ಮೂರು ವರ್ಷ ಹೀಗೆ ನಡೆಯಿತು. ನನಗೆ ಮಗನೂ ಹುಟ್ಟಿದ.

ಒಂದು ಮಧ್ಯಾಹ್ನ ದೇವನಹಳ್ಳಿ ಕಡೆಯಿಂದ ಒಬ್ಬ ಹೆಂಗಸು ಕಾರಿನಲ್ಲಿ ಬಂದರು. ಮಗಳ ಸೀಮಂತಕ್ಕೆ ಮಡಿಲು ತುಂಬುವಾಗ ಇಡಲು ಒಂದು ದೊಡ್ಡ ಸೆಟ್ಟು, ಜೊತೆಗೆ ಬಸುರಿ ಬಾಣಂತಿ ನೆಂಟರಿಗೆಲ್ಲ ಕೊಡಲು ಒಂದೊಂದು ಜೊತೆ ಬೇಕಂತೆ. ಅಷ್ಟು ದೊಡ್ಡ ಆರ್ಡರು ನಮಗೆ ಬಂದೇ ಇರಲಿಲ್ಲ. ಕಾಫಿ ಕುಡಿದರು, ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದರು, ಹೊಲಿಗೆಯನ್ನು ತುಂಬ ಮೆಚ್ಚಿಕೊಂಡರು. ಆಮೇಲೆ ಮಿಷನ್ ಮುಂದಿದ್ದ ಅಕ್ಕನ ಕಡೆ ತಿರುಗಿ, "ನೀವೇನಮ್ಮ ಹೊಲಿಯೋದು? ನಿಮ್ಗೆಷ್ಟು ಜನ ಮಕ್ಕಳು?" ಅಂದರು.

ಮಿಷನ್ ನಿಂತಿತು.

ಆ ಪ್ರಶ್ನೆ ಯಾಕೆ ಅಂತ ನಮ್ಮ ಕಡೆಯ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟುವ ಕೂಸಿನ ಮೈಗೆ ಮೊದಲು ತಾಗುವ ಬಟ್ಟೆ ಮಕ್ಕಳಿರುವವಳ ಕೈಯಿಂದ ಬರಬೇಕು. ಬಂಜೆ ಎನಿಸಿಕೊಂಡವಳು ಮುಟ್ಟಬಾರದು. ಅಕ್ಕ ಏನು ಹೇಳುತ್ತಿದ್ದಳೋ ಗೊತ್ತಿಲ್ಲ, ನಾನು ಬಿಡಲಿಲ್ಲ.

"ಅಯ್ಯೋ, ಅವ್ರು ಹೊಲಿಯಲ್ಲ. ಸುಮ್ನೆ ದಾರ ಕಟ್ ಮಾಡ್ತಾರೆ ಅಷ್ಟೇ. ಮಿಷನ್‌ಗೆ ಎಣ್ಣೆ ಬಿಡಾಣ ಅಂತ ಕೂತಿದ್ರು. ಹೊಲಿಯೋದೆಲ್ಲ ನಾನೇ. ನಂಗೆ ಇಬ್ರು, ಮಗಳೊಂದು ಮಗನೊಂದು" ಅಂದೆ.

ಒಂದು ಕ್ಷಣವೂ ತಡವರಿಸಲಿಲ್ಲ. ಆ ಎಣ್ಣೆಯ ಮಾತು ಎಲ್ಲಿಂದ ಬಂತೋ, ಈಗಲೂ ನೆನೆದರೆ ನನ್ನ ನಾಲಿಗೆಯನ್ನು ನಾನೇ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ಅಕ್ಕ ಎದ್ದಳು. ಕಿಟಕಿಯ ಮೇಲಿದ್ದ ಸಣ್ಣ ಕತ್ತರಿ ತೆಗೆದುಕೊಂಡು ನೆಲದ ಮೇಲೆ ಕೂತು, ಹೊಲಿದಿಟ್ಟ ರಾಶಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದೊಂದೇ ಎತ್ತಿ ದಾರ ಕತ್ತರಿಸತೊಡಗಿದಳು. ತಲೆ ಎತ್ತಲಿಲ್ಲ. ನಾನು ಅವಳು ಎದ್ದ ಸ್ಟೂಲಿನ ಮೇಲೆ ಹೋಗಿ ಕೂತೆ. ಸ್ಟೂಲು ಇನ್ನೂ ಬೆಚ್ಚಗಿತ್ತು.

"ತಪ್ಪು ತಿಳ್ಕೋಬೇಡಿ, ಚೊಚ್ಚಲು ನೋಡಿ, ಅದಕ್ಕೇ ಕೇಳ್ದೆ" ಎಂದು ಆಕೆ ನನಗೆ ಹೇಳಿದರು, ಅಕ್ಕನಿಗಲ್ಲ. ಅಡ್ವಾನ್ಸ್ ಕೊಟ್ಟು ಹೋದರು. ಕಾರು ತಿರುವು ದಾಟುತ್ತಿದ್ದಂತೆ ಅತ್ತೆ ಅಡುಗೆಮನೆಯಿಂದ ಬಂದು ಪಿಸುದನಿಯಲ್ಲಿ, "ಒಳ್ಳೇ ಕೆಲ್ಸ ಮಾಡ್ದೆ ಕಣಮ್ಮ" ಅಂದರು. ಏಳು ವರ್ಷದಲ್ಲಿ ಅತ್ತೆ ನನ್ನ ಬಾಯನ್ನು ಹೊಗಳಿದ್ದು ಅದೊಂದೇ ಸಲ.

ಸಂಜೆ ತಾರಸಿಯ ಮೇಲೆ ಒಣಗಿದ ಬಟ್ಟೆ ಎತ್ತುವಾಗ, "ಅಕ್ಕ, ಆರ್ಡರ್ ಕೈತಪ್ಪುತ್ತೆ ಅಂತ ಹಂಗಂದ್ಬಿಟ್ಟೆ" ಅಂದೆ. "ಬಿಡು, ವ್ಯಾಪಾರ ಅಂದ್ಮೇಲೆ ಇದೆಲ್ಲ ಇದ್ದಿದ್ದೇ" ಅಂದಳು. ನಾನು ಅದನ್ನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಆ ಆರ್ಡರನ್ನು ಪೂರ್ತಿ ಅವಳೇ ಹೊಲಿದಳು. ಯಾರಾದರೂ ಗೇಟು ತೆಗೆದ ಸದ್ದಾದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು. ಹಾಲಿನವನು ಬಂದರೂ ಏಳುತ್ತಿದ್ದಳು. ಡೆಲಿವರಿ ಮುಗಿದ ಸೋಮವಾರ ಬೆಳಗ್ಗೆ ನೋಡುತ್ತೇನೆ, ಬೀದಿಯ ಮೂಲೆಯಲ್ಲಿ ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್ ವ್ಯಾನಿಗೆ ಕಾಯುತ್ತ ನಿಂತಿದ್ದಾಳೆ. ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ನಾಲ್ಕು ತಿಂಗಳಿಗೆ ಭಾವನಿಗೆ ಹೊಸಕೋಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತು, ಇಬ್ಬರೂ ಅಲ್ಲಿಗೇ ಹೋದರು. ಓವರ್‌ಲಾಕ್ ಮಿಷನ್ ಒಯ್ಯಲಿಲ್ಲ. ನನ್ನ ಮಗಳು ದೊಡ್ಡಮ್ಮ ಎಲ್ಲಿ ಎಂದು ದಿನಾ ಕೇಳಿ, ಆಮೇಲೆ ಆಗಾಗ ಕೇಳಿ, ಈಗ ಕೇಳುವುದಿಲ್ಲ.

ನಾನು ಹೊಲಿಯಲು ಕೂತೆ. ಎಲಾಸ್ಟಿಕ್ ಒಂದು ಕಡೆ ಎಳೆದು ಇನ್ನೊಂದು ಕಡೆ ಸಡಿಲ. ಗಿರಾಕಿಗಳು ಮೊದಲಿನ ಹಾಗಿಲ್ಲ ಅಂತ ಮೆಸೇಜು ಹಾಕತೊಡಗಿದರು. ಒಂದು ಭಾನುವಾರ ಆರು ಲಂಗೋಟಿ ಚೀಲದಲ್ಲಿಟ್ಟುಕೊಂಡು, ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ ಹೊಸಕೋಟೆಗೆ ಹೋದೆ. ಕಾಲಿಗಾದರೂ ಬಿದ್ದು ಕರೆದುಕೊಂಡು ಬರಬೇಕೆಂದು ತೀರ್ಮಾನ ಮಾಡಿದ್ದೆ. ಮಕ್ಕಳನ್ನು ಬೇಕೆಂದೇ ಬಿಟ್ಟು ಬಂದಿದ್ದೆ. ಆ ಇಬ್ಬರನ್ನು ಮುಂದಿಟ್ಟುಕೊಂಡು ಅವಳ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ.

ಬಾಗಿಲು ತೆಗೆದವಳ ಮೊದಲ ಮಾತೇ, "ಮಕ್ಳನ್ನ ಯಾಕೆ ಕರ್ಕೊಂಡ್ ಬರ್ಲಿಲ್ಲ?"

ಒಂದೇ ಕೋಣೆಯ ಮನೆ. ಮೊಸರನ್ನ ಕಲಸಿಕೊಟ್ಟಳು. ನಾನು ಊಟ ಮಾಡುವಾಗ ಚೀಲದಿಂದ ಲಂಗೋಟಿ ತೆಗೆದು, ಒಳಮೈ ತಿರುಗಿಸಿ, ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದಳು. "ಎಲಾಸ್ಟಿಕ್ ಬಿಗಿಯಾಯ್ತು. ತೊಡೆ ಕೆಂಪಾಗುತ್ತೆ ಪಾಪ. ಎಳೀಬೇಡ, ಅದರ ಪಾಡಿಗೆ ಅದು ಹೋಗ್ಲಿ" ಅಂದಳು. ನಾನು ತಟ್ಟೆ ಬದಿಗಿಟ್ಟು ಅವಳ ಕಾಲು ಹಿಡಿಯಲು ಹೋದೆ. ಕೈ ತಡೆದಳು.

"ಬಾ ಅಕ್ಕ. ಇನ್ಮೇಲೆ ಯಾರೇ ಬಂದು ಕೇಳಿದ್ರೂ ನೀನೇ ಹೊಲಿಯೋದು ಅಂತೀನಿ. ಬೇಡ ಅನ್ನೋರು ಹೋಗ್ಲಿ, ನಮ್ಗೇ ಬೇಡ ಅವ್ರ ಆರ್ಡರು."

ಅಕ್ಕ ಆ ಲಂಗೋಟಿಯನ್ನು ಮಡಿಸಿ ಚೀಲಕ್ಕೆ ಹಾಕಿದಳು. ಅವಳು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಿನ್ಮೇಲೆ ಸಿಟ್ಟಿಲ್ಲ ಕಣೇ. ನೀನು ಹೇಳ್ದಿದ್ರೆ ನಾನೇ ಅದನ್ನ ಹೇಳ್ತಿದ್ನೇನೋ. ಆದ್ರೆ ಕೇಳು. ಆ ಮೂರು ವರ್ಷ ಆ ಕಿಟಕಿ ಹತ್ರ ಕೂತು ಹೊಲೀತಿದ್ನಲ್ಲ, ಎಷ್ಟೋ ದಿನ ನಂಗೆ ಮಕ್ಳಿಲ್ಲ ಅನ್ನೋದೇ ನೆನಪಾಗ್ತಿರ್ಲಿಲ್ಲ. ಊರಲ್ಲಿರೋ ಕೂಸುಗಳ ತೊಡೆ, ಸೊಂಟ ಎಲ್ಲ ನನ್ ಕೈಯಲ್ಲಿ ಇದ್ದಂಗಿತ್ತು. ಈಗ ಅಲ್ಲಿ ಕೂತ್ರೆ ಅದೊಂದೇ ನೆನಪಾಗೋದು. ಇಲ್ಲಿ ಪ್ಯಾಂಟು ಹೊಲೀತೀನಿ, ಗಂಡಸರದ್ದು. ಏನೂ ಅನ್ಸಲ್ಲ. ಇದೇ ವಾಸಿ."

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿಗೆ ಬಂದು, ಮಕ್ಕಳಿಗೆಂದು ಬಿಸ್ಕತ್ತು ಕೊಡಿಸಿ, ಕಿಟಕಿಯ ಸೀಟು ಹಿಡಿದುಕೊಟ್ಟು ಹೋದಳು.

ವ್ಯಾಪಾರ ನಡೆಯುತ್ತಲೇ ಇದೆ. ಅವಳು ಹೇಳಿದಂತೆ ಎಲಾಸ್ಟಿಕನ್ನು ಎಳೆಯದೆ ಬಿಡುವುದು ಈಗ ನನ್ನ ಕೈಗೆ ಬಂದಿದೆ, ದೂರುಗಳು ನಿಂತಿವೆ. ಸೀಮಂತದ ಮನೆಯವರು ಈಗಲೂ ಬಂದು ಹೊಲಿಯುವವರು ಯಾರು, ಮಕ್ಕಳೆಷ್ಟು ಎಂದು ಕೇಳುತ್ತಾರೆ. ನಾನೇ, ಇಬ್ಬರು, ಎನ್ನುತ್ತೇನೆ. ಈಗ ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.