ಚಮಚದ ಮೇಡಂ ಮೇಲಿನ ದೂರು

ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕೂತು ಇಪ್ಪತ್ತೆಂಟು ವರ್ಷ ಮನೆಮನೆಯ ಜಗಳ ಕೇಳಿದ ಕುಟುಂಬ ಸಮಾಲೋಚಕಿಗೆ ಅಲ್ಲಿನ ನೌಕರರು ಇಟ್ಟ ಹೆಸರು ‘ಚಮಚದ ಮೇಡಂ’. ಮುದುಕರನ್ನು ನೋಡಿಕೊಳ್ಳುವವರೂ ಬರುತ್ತಿದ್ದರು, ನೋಡಿಕೊಳ್ಳದೆ ಬುದ್ಧಿ ಹೇಳುವವರೂ ಬರುತ್ತಿದ್ದರು. ಸಮಾಧಾನದ ಮಾತು ಆಕೆಯ ಬಾಯಿಂದ ಬಂದದ್ದು ಕಡಿಮೆ. ಜಗಳ ಮಿತಿಮೀರಿದರೆ ಮೇಜಿನ ಖಾನೆಯಿಂದ ಚಮಚ ತೆಗೆದು, ಬುದ್ಧಿ ಹೇಳುವವರಿಗೆ ಕೈ ತೊಡೆಯ ಮೇಲಿಡಲು ಹೇಳಿ, ನೋಡಿಕೊಳ್ಳುವವರ ಕೈಯಿಂದ ಅವರಿಗೆ ತಿನ್ನಿಸುತ್ತಿದ್ದರು. ಪರರ ಕೈಯಲ್ಲಿ ತಿನ್ನುವುದೇನೆಂದು ತಿಳಿದರೆ ನಾಲಿಗೆ ತಾನಾಗಿ ಮೆತ್ತಗಾಗುತ್ತದೆ ಎಂಬುದು ಲೆಕ್ಕಾಚಾರ. ಇದು ಪುಸ್ತಕದ ಪಾಠವಲ್ಲ. ಪಾರ್ಶ್ವವಾಯು ಬಡಿದ ಅತ್ತೆಗೆ ಆಕೆ ಐದು ವರ್ಷ ತಿನ್ನಿಸಿದ್ದರು. ಒಂದು ದಿನ ಅತ್ತೆ ಬೆರಳು ಕಚ್ಚಿ ರಕ್ತ ಬರಿಸಿದಾಗ ಹೊಡೆಯಲು ಕೈ ಎತ್ತಿದ್ದರು. ಹೊಡೆಯಲಿಲ್ಲ. ಎತ್ತಿದ್ದು ನಿಜ.

ನಿವೃತ್ತಿಗೆ ಆರು ತಿಂಗಳಿದ್ದಾಗ ಅಕ್ಕತಮ್ಮ ಇಬ್ಬರು ತಾಯಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಅಕ್ಕ ಬಟ್ಟೆ ಹೊಲಿಯುವವಳು. ಹನ್ನೊಂದು ವರ್ಷ ತಾಯಿಯನ್ನು ಎತ್ತಿ ಇಳಿಸಿ ಮಂಡಿ ಸವೆಸಿಕೊಂಡವಳು. ಆಪರೇಷನ್ ಆಗದಿದ್ದರೆ ನಡಿಗೆ ನಿಂತಂತೆಯೇ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ತಮ್ಮ ಮೂರು ತಿಂಗಳು ತಾಯಿಯನ್ನು ಇಟ್ಟುಕೊಳ್ಳಬೇಕು. ಕುರ್ಚಿ ಮೇಜು ಮಾರುವ ಅಂಗಡಿಯ ತಮ್ಮ ಜಗ್ಗುವ ಆಸಾಮಿಯಲ್ಲ.

“ಅಮ್ಮನಿಗೆ ಅಕ್ಕನ ಕೈಯೇ ಒಗ್ಗಿರೋದು ಮೇಡಂ. ನಮ್ಮನೇಲಿ ಒದ್ದಾಡ್ತಾಳೆ.”

“ಒದ್ದಾಡೋದು ಅಮ್ಮ ಅಲ್ಲ ಕಣೋ, ನಿನ್ನ ಹೆಂಡ್ತಿ,” ಎಂದಳು ಅಕ್ಕ.

“ಅವಳ ಸುದ್ದಿಗೆ ಬರ್ಬೇಡ.”

“ನಾನ್ಯಾಕೆ ಬರ್ಲಿ? ಅವಳೇ ನಮ್ಮ ಹೊಸ್ತಿಲು ತುಳಿದು ಎಷ್ಟು ವರ್ಷ ಆಯ್ತು, ಕೇಳ್ಕೊಂಡ್ ಬಾ.”

ಮೇಡಂ ಚಮಚ ತೆಗೆದರು. ಹಿಸುಕಿದ ಬಾಳೆಹಣ್ಣಿನ ಬಟ್ಟಲು ಅಕ್ಕನ ಮುಂದಿಟ್ಟರು. ತಮ್ಮ ನಗುತ್ತಲೇ ಬಾಯಿ ತೆರೆದ. ಮೊದಲ ತುತ್ತು ನುಂಗುವ ಮೊದಲೇ ಎರಡನೆಯದು ಹಲ್ಲಿಗೆ ಬಡಿಯಿತು. ಮೂರನೆಯದಕ್ಕೆ ಅವನು ಮುಖ ತಿರುಗಿಸಿದ. ಅಕ್ಕನ ಎಡಗೈ ತಾನಾಗಿ ಅವನ ಗದ್ದ ಹಿಡಿದು ಈಚೆ ಎಳೆಯಿತು. ಅವನು ಕೆಮ್ಮಿದ. ಪಕ್ಕದಲ್ಲಿ ತಾಯಿ, ಚಮಚ ಮೇಲೇಳುವಾಗಲೆಲ್ಲ ತುಟಿ ಬಿಗಿದು ಕತ್ತು ಹೊರಳಿಸುತ್ತಿದ್ದಳು. ಮೂವರೂ ಅದನ್ನು ನೋಡಿದರು.

ಅಕ್ಕನಿಗೆ ನೆರವಾಗಲೆಂದು ತೆಗೆದ ಚಮಚ ಅಕ್ಕನಿಗೇ ತಿರುಗಿತ್ತು. ಮೇಡಂ ಇದನ್ನು ಎಣಿಸಿರಲಿಲ್ಲ.

“ದಿನಾ ಹೀಗೇನಾ ತುರುಕೋದು ಅಮ್ಮನಿಗೆ?” ಎಂದ ತಮ್ಮ.

“ದಿನಕ್ಕೆ ಮೂರು ಸಲ. ನೀನು ಒಂದು ಹೊತ್ತು ತಿನ್ನಿಸಿ ಮಾತಾಡು.”

“ಈ ಕೈಲಿ ಅಮ್ಮನ್ನ ಇನ್ನು ಒಂದು ದಿನಾನೂ ಬಿಡಲ್ಲ.”

ಮೇಡಂ ಆ ಮಾತನ್ನು ನೆಲಕ್ಕೆ ಬೀಳಲು ಬಿಡಲಿಲ್ಲ. “ಸರಿ. ಗಾಡಿ ತಂದಿದ್ದೀರಲ್ಲ, ಈಗಲೇ ಕರ್ಕೊಂಡು ಹೋಗಿ.”

ಅವನು ಗೋಡೆ ನೋಡಿದ, ಅಕ್ಕನನ್ನು ನೋಡಿದ. ಆಡಿದ ಮಾತು ನುಂಗುವುದಕ್ಕೆ ಅಹಂಕಾರ ಬಿಡಲಿಲ್ಲ. ಗಾಲಿಕುರ್ಚಿಯನ್ನು ಬಾಗಿಲಿಗೆ ತಗಲಿಸಿಕೊಂಡೇ ಹೊರಟ.

ಅಕ್ಕ ಎದ್ದು ನಿಂತಳು. “ಮಂಡಿ ಆಪರೇಷನ್ನಿಗೆ ದಾರಿ ಕೇಳೋಕೆ ಬಂದೆ. ನನ್ನನ್ನ ರಾಕ್ಷಸಿ ಮಾಡಿ ಕಳಿಸ್ತಿದ್ದೀರಿ.”

“ಚಮಚ ಹಿಡಿದಿದ್ದು ನೀವೇ.”

“ಹನ್ನೊಂದು ವರ್ಷ ಹಿಡಿದಿದ್ದೂ ನಾನೇ.”

ತಾನೂ ಅತ್ತೆಯ ಮೇಲೆ ಕೈ ಎತ್ತಿದವಳೆಂದು ಮೇಡಂ ಹೇಳಬಹುದಿತ್ತು. ಇಪ್ಪತ್ತೆಂಟು ವರ್ಷ ಯಾರಿಗೂ ಹೇಳದ್ದನ್ನು ಅಂದೂ ಹೇಳಲಿಲ್ಲ.

ಎರಡು ತಿಂಗಳ ಮೇಲೆ ಆಸ್ಪತ್ರೆಯ ಅಧೀಕ್ಷಕರು ಮೇಡಂ ಅವರನ್ನು ಕರೆದು ದೂರಿನ ಪತ್ರ ಮುಂದಿಟ್ಟರು. ಬರೆದವಳು ಅಕ್ಕ: ತಾಯಿ ತಮ್ಮನ ಎದುರು ಚಮಚ ಹಿಡಿಸಿ ತನ್ನನ್ನು ರಾಕ್ಷಸಿ ಮಾಡಿದರು ಎಂದು.

“ಕ್ಷಮೆ ಕೇಳಿ ನಾಲ್ಕು ಸಾಲು ಬರೆದುಬಿಡಿ ಮೇಡಂ. ಹೋಗೋ ಹೊತ್ತಲ್ಲಿ ಹೆಸರು ಯಾಕೆ ಕೆಡಿಸ್ಕೋತೀರಿ?”

“ಅವಳ ಆಪರೇಷನ್ ಆಯ್ತಾ?”

“ಹೋದ ವಾರ. ಇದನ್ನ ಬರೆದಿದ್ದೇ ನಮ್ಮ ವಾರ್ಡಲ್ಲಿ ಮಲಗಿಕೊಂಡು.”

ಮೇಡಂ ಪತ್ರವನ್ನು ನಿಧಾನವಾಗಿ ಓದಿದರು. ಕೊನೆಯಲ್ಲಿ, ‘ಇಲ್ಲಿ ಬರೆದದ್ದೆಲ್ಲ ನಿಜ’ ಎಂದು ಬರೆದು ಸಹಿ ಹಾಕಿದರು. ಕ್ಷಮೆಯ ಸಾಲು ಮಾತ್ರ ಬರೆಯಲಿಲ್ಲ.